ಪಿಕ್ಲಿಂಗ್ ಶೆಡ್ಡಿನ ಆಸಿಡ್ ನೆಲ: ಸಿಲಿಕೇಟ್, ಫ್ಯೂರಾನ್, ಎಪಾಕ್ಸಿ ಮೂರರಲ್ಲಿ ಯಾವುದು ಹಾಕಿಸಲಿ?

ಭೋಸರಿ_ಪ್ಲಾಂಟ್

ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಪಿಕ್ಲಿಂಗ್ (ಲೋಹದ ಸಾಮಾನನ್ನು ಆಸಿಡ್ಡಿನಲ್ಲಿ ಮುಳುಗಿಸಿ ತುಕ್ಕು, ಕಲೆ ತೆಗೆಯುವ) ಶೆಡ್ಡಿನ ನೆಲವನ್ನು ಮಳೆಗಾಲಕ್ಕೆ ಮುಂಚೆ ಮತ್ತೆ ಹಾಕಿಸಬೇಕಾಗಿದೆ. ಅಳತೆ 12 ಮೀಟರ್ × 9 ಮೀಟರ್, ನಡುವೆ ಉದ್ದಕ್ಕೂ ಒಂದೇ ಚರಂಡಿ. ಈಗಿರುವುದು 20 ಮಿಮೀ ಆಸಿಡ್ ಪ್ರೂಫ್ ಟೈಲ್, ಸಿಲಿಕೇಟ್ ಮಾರ್ಟರ್‌ನಲ್ಲಿ (ಟೈಲ್ ಅಂಟಿಸುವ ಗಾರೆ) ಕೂರಿಸಿದ್ದು. ಟೈಲ್ ಹೊಸದರಂತೆಯೇ ಇದೆ, ಸಂದುಗಳು ಮಾತ್ರ ಖಾಲಿ. ಕಾಸ್ಟಿಕ್ ಟ್ಯಾಂಕಿನ ಸುತ್ತ ಮಾರ್ಟರ್ ಪೂರ್ತಿ ತೊಳೆದು ಹೋಗಿ ಟೈಲ್ ಕೈಯಲ್ಲೇ ಎತ್ತಿಕೊಳ್ಳುವ ಹಾಗಾಗಿದೆ.

ಸಾಲಿನಲ್ಲಿ ಇರುವುದು: ಕಾಸ್ಟಿಕ್ ಡಿಗ್ರೀಸಿಂಗ್ (ಕಾಸ್ಟಿಕ್ ಸೋಡಾದಲ್ಲಿ ಜಿಡ್ಡು ತೆಗೆಯುವುದು) 6ರಿಂದ 8 ಪ್ರತಿಶತ, 70 ಡಿಗ್ರಿ ಸೆಲ್ಸಿಯಸ್. ಆಮೇಲೆ ರಿನ್ಸ್. ಆಮೇಲೆ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್) 15ರಿಂದ 18 ಪ್ರತಿಶತ, ಬಿಸಿ ಮಾಡುವುದಿಲ್ಲ. ಮತ್ತೆ ರಿನ್ಸ್. ಈಗ ಸ್ಟೇನ್‌ಲೆಸ್ ಕೆಲಸಕ್ಕಾಗಿ ಕೊನೆಯಲ್ಲಿ ಇನ್ನೊಂದು ಟ್ಯಾಂಕ್ ಸೇರಿಸುತ್ತಿದ್ದೇವೆ: ನೈಟ್ರಿಕ್ 15 ಪ್ರತಿಶತ, ಜೊತೆಗೆ ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಸಿಡ್) 3 ಪ್ರತಿಶತ, 50 ಡಿಗ್ರಿ. ಹೊರಗೆ 2.5 × 2 × 2 ಮೀಟರ್‌ನ ನ್ಯೂಟ್ರಲೈಸಿಂಗ್ ಗುಂಡಿ ಇದೆ. ಅದರ ಹೊರಗೋಡೆಯಲ್ಲಿ ಬಿಳಿ ಉಪ್ಪು ಒಸರುತ್ತಿದೆ.

ಮೂರು ಕೊಟೇಶನ್ ಬಂದಿವೆ. ಒಬ್ಬರು ಇಡೀ ನೆಲಕ್ಕೆ ಫ್ಯೂರಾನ್, ಇನ್ನೊಬ್ಬರು ಇಡೀ ನೆಲಕ್ಕೆ ಎಪಾಕ್ಸಿ, ಎರಡೂ ರೆಸಿನ್ ಮಾರ್ಟರುಗಳು. ಮೂರನೆಯವರು ಹಳೇ ಟೈಲ್ ಉಳಿಸಿಕೊಂಡು ಸಿಲಿಕೇಟಿನಲ್ಲೇ ಸಂದು ತುಂಬಿಕೊಡುತ್ತೇವೆ ಅಂದಿದ್ದಾರೆ, ಅದೇ ಎಲ್ಲಕ್ಕಿಂತ ಅಗ್ಗ. ಯಾವುದನ್ನು ಒಪ್ಪಲಿ? ಇಟ್ಟಿಗೆ ಯಾವ ದರ್ಜೆಯದು ತರಿಸಲಿ?

ತಳೋಜಾ_ಲೈನಿಂಗ್

ಸರ್, ಮೂರನ್ನೂ ಹೀಗೇ ಒಪ್ಪಬೇಡಿ. ನಿಮ್ಮ ನೆಲದ ಮೇಲೆ ಒಂದಕ್ಕೊಂದು ಹೊಂದದ ಮೂರು ದ್ರವ ಬೀಳುತ್ತವೆ. ಮೂರಕ್ಕೂ ತಡೆಯುವ ಒಂದೇ ಮಾರ್ಟರ್ ಹುಡುಕಿದರೆ ಎಲ್ಲೋ ಒಂದು ಕಡೆ ಖಂಡಿತ ಕೈಕೊಡುತ್ತದೆ.

ಮೊದಲು ಈಗಿನ ನೆಲ ಯಾಕೆ ಹೋಯಿತು ಅನ್ನುವುದು. ಸಿಲಿಕೇಟ್ ಮಾರ್ಟರ್ ಅಂದರೆ ಸೋಡಿಯಂ ಅಥವಾ ಪೊಟ್ಯಾಸಿಯಂ ಸಿಲಿಕೇಟ್ ದ್ರಾವಣ, ಕ್ವಾರ್ಟ್ಜ್ ಪುಡಿ ಮತ್ತು ಒಂದು ಹಾರ್ಡನರ್. ಗಟ್ಟಿಯಾದ ಮೇಲೆ ಉಳಿಯುವ ಬಂಧ ಸಿಲಿಕಾ ಜೆಲ್ಲಿನದು. ಆಸಿಡ್ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಕಾಸ್ಟಿಕ್ ಕರಗಿಸಿಬಿಡುತ್ತದೆ. 70 ಡಿಗ್ರಿಯ ಕಾಸ್ಟಿಕ್ ಚೆಲ್ಲುವ ಜಾಗಕ್ಕೆ ಯಾವ ಸಿಲಿಕೇಟೂ ಬೇಡ. ರಿನ್ಸ್ ಟ್ಯಾಂಕಿನ ಸುತ್ತ ಹೋಗಿರುವುದಕ್ಕೆ ಬೇರೆ ಕಾರಣ: ಆಸಿಡ್ ಕ್ಯೂರಿಂಗ್ (ಆಸಿಡ್ ಸವರಿ ಬಿಗಿ ಮಾಡುವುದು) ಮಾಡದೆ ಬಿಟ್ಟ ಸೋಡಿಯಂ ಸಿಲಿಕೇಟ್ ಬರೀ ನೀರಿಗೇ ಮೆತ್ತಗಾಗುತ್ತದೆ. ಹಾಗಂತ ಸಿಲಿಕೇಟ್ ಕೆಟ್ಟ ವಸ್ತುವಲ್ಲ. ಬಿಸಿ ಸಲ್ಫ್ಯೂರಿಕ್ ಟ್ಯಾಂಕ್, ಆಸಿಡ್ ಹೊಗೆ ಹೋಗುವ ಚಿಮಣಿ, ನೂರಾರು ಡಿಗ್ರಿ ಶಾಖ ಇರುವ ಕಡೆ ರೆಸಿನ್ ಸುಟ್ಟುಹೋಗುತ್ತದೆ, ಸಿಲಿಕೇಟ್ ನಿಲ್ಲುತ್ತದೆ. ಸಲ್ಫ್ಯೂರಿಕ್ ಇರುವಲ್ಲಿ ಪೊಟ್ಯಾಸಿಯಂ ಸಿಲಿಕೇಟನ್ನೇ ಕೇಳಬೇಕು. ಸೋಡಿಯಂ ಆದರೆ ಸಂದಿನೊಳಗೆ ಸೋಡಿಯಂ ಸಲ್ಫೇಟ್ ಹರಳುಗಟ್ಟಿ, ನೀರು ಹಿಡಿದು ಹಿಗ್ಗಿ ಇಟ್ಟಿಗೆಯನ್ನೇ ಎತ್ತುತ್ತದೆ.

ಫ್ಯೂರಾನ್ ಕೊಟ್ಟವರು ನಿಮ್ಮ ಕಾಸ್ಟಿಕ್ ಮತ್ತು ಎಚ್‌ಸಿಎಲ್ ನೋಡಿ ಕೊಟ್ಟಿದ್ದಾರೆ. ಆ ಎರಡಕ್ಕೂ ಅದು ಬಹಳ ಒಳ್ಳೆಯದು, ಸಾಲ್ವೆಂಟಿಗೂ ತಡೆಯುತ್ತದೆ. ಆದರೆ ಆಕ್ಸಿಡೈಸ್ ಮಾಡುವ ಯಾವುದಕ್ಕೂ ಫ್ಯೂರಾನ್ ನಿಲ್ಲುವುದಿಲ್ಲ: ನೈಟ್ರಿಕ್, ಕ್ರೋಮಿಕ್, ಹೈಪೋಕ್ಲೋರೈಟ್, ಗಾಢ ಸಲ್ಫ್ಯೂರಿಕ್ ಎಲ್ಲವೂ ಅದಕ್ಕೆ ಶತ್ರು. 15 ಪ್ರತಿಶತ ನೈಟ್ರಿಕ್ 50 ಡಿಗ್ರಿಯಲ್ಲಿ ಬಿದ್ದರೆ ಸಂದು ಪುಡಿಯಾಗಿ ಕೈಗೆ ಕಪ್ಪು ಮಸಿ ಹತ್ತುತ್ತದೆ. ಎಪಾಕ್ಸಿಯೂ ಕಾಸ್ಟಿಕ್ ಕಡೆ ಗಟ್ಟಿ, ಬಿಸಿಯಿಲ್ಲದ ಎಚ್‌ಸಿಎಲ್‌ಗೆ ಸಾಕು, ನೈಟ್ರಿಕ್‌ಗೆ ಸಾಲದು.

ಈಗ ನೀವು ಕೊನೆಯ ಟ್ಯಾಂಕಿಗೆ ಬರೆದ ಆ 3 ಪ್ರತಿಶತ ಎಚ್‌ಎಫ್. ಇಡೀ ಲೆಕ್ಕ ಬದಲಾಗುವುದು ಅಲ್ಲೇ. ಎಚ್‌ಎಫ್ ಸಿಲಿಕಾವನ್ನು ತಿನ್ನುತ್ತದೆ. ಎಆರ್ ಇಟ್ಟಿಗೆ (ಆಸಿಡ್ ತಡೆಯುವ ಇಟ್ಟಿಗೆ), ಟೈಲ್, ಸಿಲಿಕೇಟ್ ಮಾರ್ಟರ್, ರೆಸಿನ್ ಮಾರ್ಟರಿನೊಳಗಿನ ಕ್ವಾರ್ಟ್ಜ್ ಪುಡಿ, ಮೆಂಬ್ರೇನಿನ (ಇಟ್ಟಿಗೆಯ ಕೆಳಗಿನ ಸೋರದ ಪದರ) ಗಾಜಿನ ನಾರು, ಇವೆಲ್ಲವೂ ಸಿಲಿಕಾದವೇ. ರೆಸಿನ್ ಸರಿಯಾದದ್ದೇ ಇದ್ದರೂ ಒಳಗಿನ ಪುಡಿ ಕ್ವಾರ್ಟ್ಜ್ ಆಗಿದ್ದರೆ ಮಾರ್ಟರ್ ಜರಡಿಯಂತಾಗುತ್ತದೆ. ಆದ್ದರಿಂದ ಈ ಭಾಗಕ್ಕೆ ಕಾರ್ಬನ್ ಪುಡಿ ತುಂಬಿದ ವಿನೈಲ್ ಎಸ್ಟರ್ ಮಾರ್ಟರ್, ನೊವೊಲಾಕ್ ಬಗೆಯದು. ಕೊಟೇಶನ್ನಿನಲ್ಲಿ ‘ವಿನೈಲ್ ಎಸ್ಟರ್’ ಅಂತ ಮಾತ್ರ ಬರೆಯಿಸಿದರೆ ಆಗದು, ‘ಕಾರ್ಬನ್ ಫಿಲ್ಲರ್’ ಎಂಬ ಪದವೂ ಇರಲೇಬೇಕು. ಇಟ್ಟಿಗೆಯೂ ಕಾರ್ಬನ್ನಿನದೇ ಆಗಬೇಕು, ಆದರೆ ಅದು ದುಬಾರಿ. ಟ್ಯಾಂಕಿನ ಸುತ್ತ ಒಂದೂವರೆ ಮೀಟರ್, ಜೊತೆಗೆ ಸಾಮಾನು ಎತ್ತಿ ರಿನ್ಸ್‌ಗೆ ಒಯ್ಯುವಾಗ ತೊಟ್ಟಿಕ್ಕುವ ದಾರಿ, ಇಷ್ಟಕ್ಕೆ ಕಾರ್ಬನ್ ಇಟ್ಟಿಗೆ ಹಾಕಿ, ಉಳಿದದ್ದಕ್ಕೆ ಮಾಮೂಲಿ ಎಆರ್ ಇಟ್ಟಿಗೆ ಸಾಕು. ನೆಲದ ಮೇಲೆ ಬಿದ್ದದ್ದನ್ನು ಬೇಗ ನೀರಲ್ಲಿ ತೊಳೆಯುವ ವ್ಯವಸ್ಥೆ ಇದ್ದರೆ ಆ ಇಟ್ಟಿಗೆಯ ಮೈ ನಿಧಾನವಾಗಿ ಮಾತ್ರ ಒರಟಾಗುತ್ತದೆ.

ಕಾರ್ಬನ್ ಇಟ್ಟಿಗೆಗೆ ಎರಡು ಗುಣ ಇವೆ, ಮರೆಯಬಾರದು. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಶಾಖವೂ ಬೇಗ ಹರಿಯುತ್ತದೆ. ಪಕ್ಕದಲ್ಲಿ ರೆಕ್ಟಿಫೈಯರ್ ಹಾಕಿ ಪ್ಲೇಟಿಂಗ್ ಅಥವಾ ಎಲೆಕ್ಟ್ರೋಪಾಲಿಶ್ ಮಾಡುವ ಯೋಚನೆ ಇದ್ದರೆ ಈಗಲೇ ಹೇಳಿ, ವಿನ್ಯಾಸ ಬದಲಾಗುತ್ತದೆ. ಶಾಖದ ಕಾರಣಕ್ಕೆ ಅದರ ಕೆಳಗಿನ ಮೆಂಬ್ರೇನ್ ಎಆರ್ ಇಟ್ಟಿಗೆಯ ಕೆಳಗಿನದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ.

ಒಟ್ಟಿನಲ್ಲಿ ನನ್ನ ಸಲಹೆ ಹೀಗೆ. ಕಾಸ್ಟಿಕ್ ಭಾಗಕ್ಕೆ ಎಪಾಕ್ಸಿ ಅಥವಾ ಫ್ಯೂರಾನ್. ಎಚ್‌ಸಿಎಲ್ ಮತ್ತು ನೈಟ್ರಿಕ್-ಎಚ್‌ಎಫ್ ಭಾಗಕ್ಕೆ ವಿನೈಲ್ ಎಸ್ಟರ್. ನಡುವೆ 100ರಿಂದ 150 ಮಿಮೀ ಎತ್ತರದ ದಂಡೆ. ಚರಂಡಿಯೂ ಮೂರು ಬೇರೆ ಬೇರೆ. ಎಚ್‌ಸಿಎಲ್ ಮತ್ತು ನೈಟ್ರಿಕ್ ಒಂದೇ ಚರಂಡಿಗೆ ಇಳಿಯಬಾರದು, ಎರಡೂ ಸೇರಿದರೆ ಕ್ಲೋರಿನ್ ಮತ್ತು ನೈಟ್ರೋಜನ್ ಆಕ್ಸೈಡ್ ಹೊಗೆ ಏಳುತ್ತದೆ. ಇದು ನೆಲಕ್ಕಿಂತ ಅಲ್ಲಿ ನಿಂತು ಕೆಲಸ ಮಾಡುವವರ ಎದೆಗೆ ಸಂಬಂಧಪಟ್ಟದ್ದು.

ದರ್ಜೆ ಕೇಳಿದಿರಿ. ಇಟ್ಟಿಗೆಗೆ ಐಎಸ್ (ಭಾರತೀಯ ಮಾನಕ) 4860, ಒಂದನೇ ದರ್ಜೆ, ನೀರು ಹೀರುವಿಕೆ 2 ಪ್ರತಿಶತದೊಳಗೆ. ಟೈಲ್ ಆದರೆ ಐಎಸ್ 4457. ಮಾರ್ಟರಿಗೆ ಐಎಸ್ 4832: ಭಾಗ 1 ಸಿಲಿಕೇಟ್, ಭಾಗ 2 ರೆಸಿನ್, ಭಾಗ 3 ಗಂಧಕ. ಇವುಗಳನ್ನು ಬಳಸುವ ರೀತಿಗೆ ಬೇರೆ ಸಂಹಿತೆಗಳಿವೆ: ಸಿಲಿಕೇಟಿಗೆ 4441, ಗಂಧಕಕ್ಕೆ 4442, ರೆಸಿನ್‌ಗೆ 4443. ಪರ್ಚೇಸ್ ಆರ್ಡರಿನಲ್ಲಿ ಈ ಸಂಖ್ಯೆ ಹಾಕಿಸಿ, ಆಯಾ ಬ್ಯಾಚಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ.

ಕಾಂಕ್ರೀಟ್_ಕನ್ನಡಿಗ_ಚಿಂಚವಾಡ

ಮೇಲಿನವರು ಹೇಳಿದ್ದು ಸರಿ. ಆದರೆ ಇಟ್ಟಿಗೆಯ ಮಾತಿಗೆ ಮುಂಚೆ ಅದರ ಕೆಳಗೆ ಏನಿದೆ ನೋಡಬೇಕು. ಇಟ್ಟಿಗೆ ನೆಲ ನೀರು ಬಿಡದ ನೆಲ ಅಲ್ಲ. ಎಷ್ಟೇ ಚೆನ್ನಾಗಿ ಕಟ್ಟಿದರೂ ಸಂದುಗಳಲ್ಲಿ ಆಸಿಡ್ ನಿಧಾನಕ್ಕೆ ಇಳಿದೇ ಇಳಿಯುತ್ತದೆ. ತಡೆಯುವುದು ಕೆಳಗಿನ ಮೆಂಬ್ರೇನ್. ಇಟ್ಟಿಗೆಯ ಕೆಲಸ ಆ ಮೆಂಬ್ರೇನನ್ನು ಶಾಖ, ತಿಕ್ಕಾಟ, ಡ್ರಮ್ ಬೀಳುವ ಏಟುಗಳಿಂದ ಕಾಯುವುದು. ನಿಮ್ಮ ಮೂರು ಕೊಟೇಶನ್ನಿನಲ್ಲಿ ಮೆಂಬ್ರೇನ್ ಅನ್ನುವ ಸಾಲು ಇದೆಯೇ? ಇಲ್ಲದಿದ್ದರೆ ಮೂರನ್ನೂ ವಾಪಸ್ ಕಳಿಸಿ.

ಈಗಿನ ಸ್ಥಿತಿ ತಿಳಿಯಲು ಮೂರು ಕಡೆ ಟೈಲ್ ಎಬ್ಬಿಸಿ: ಕಾಸ್ಟಿಕ್ ಪಕ್ಕ, ಎಚ್‌ಸಿಎಲ್ ಪಕ್ಕ, ಚರಂಡಿಯ ಅಂಚು. ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಕಾಂಕ್ರೀಟನ್ನು ಹೊಸದಾಗಿ ಒಡೆದ ಮೈಗೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿ. ಗುಲಾಬಿ ಬಂದರೆ ಅದರ ಕ್ಷಾರ ಉಳಿದಿದೆ, ಬಣ್ಣ ಬರದಿದ್ದರೆ ಅಲ್ಲಿಯವರೆಗೆ ಆಸಿಡ್ ಹೋಗಿದೆ. ಕಾಸ್ಟಿಕ್ ಪಕ್ಕದಲ್ಲಿ ಈ ಪರೀಕ್ಷೆ ನಂಬಬೇಡಿ, ಇಂಗಿದ ಕಾಸ್ಟಿಕ್ಕೇ ಗುಲಾಬಿ ಮಾಡಿಬಿಡುತ್ತದೆ. ಅಲ್ಲಿ ಉಳಿ ಸುತ್ತಿಗೆಯೇ ಗತಿ. ಎಚ್‌ಸಿಎಲ್ ತಿಂದ ಕಾಂಕ್ರೀಟಿನಲ್ಲಿ ಸಿಮೆಂಟ್ ಕ್ಯಾಲ್ಸಿಯಂ ಕ್ಲೋರೈಡಾಗಿ ಕರಗಿ ಹೋಗಿ ಜಲ್ಲಿ ಮರಳು ಬಿಡಿ ಬಿಡಿಯಾಗಿರುತ್ತದೆ. ಕ್ಲೋರೈಡ್ ಕಬ್ಬಿಣಕ್ಕೂ ತಲುಪಿರುತ್ತದೆ. ಕಂಬಿ ತುಕ್ಕು ಹಿಡಿದಿದ್ದರೆ ಅದರ ಹಿಂಬದಿಯ ಕಾಂಕ್ರೀಟನ್ನೂ ಕೆತ್ತಿ ತೆಗೆಯಬೇಕು. ಸಲ್ಫ್ಯೂರಿಕ್ ಇರುವ ಕಾರ್ಖಾನೆಗಳಲ್ಲಿ ಇದು ಉಲ್ಟಾ, ಅಲ್ಲಿ ಜಿಪ್ಸಮ್ ಹುಟ್ಟಿ ಕಾಂಕ್ರೀಟ್ ಉಬ್ಬಿ ನೆಲ ಮೇಲೇಳುತ್ತದೆ.

ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕೆತ್ತಿ, ಒತ್ತಡದ ನೀರಲ್ಲಿ ತೊಳೆದು, ಆಮೇಲೆ ಹೊಸ ಕಾಂಕ್ರೀಟ್ ಹಾಕಿ. ಇಳಿಜಾರು ಈ ಕಾಂಕ್ರೀಟಿನಲ್ಲೇ ಬರಬೇಕು. ಮಾರ್ಟರ್ ದಪ್ಪ ಹೆಚ್ಚು ಕಡಿಮೆ ಮಾಡಿ ಇಳಿಜಾರು ತರುವುದು ಕೆಟ್ಟ ಅಭ್ಯಾಸ. ಮೆಂಬ್ರೇನ್ ಮೇಲೆ ಇಳಿದ ಆಸಿಡ್ಡಿಗೂ ಹರಿದು ಹೋಗಲು ದಾರಿ ಬೇಕಲ್ಲ. 80ಕ್ಕೆ 1 ಇಳಿಜಾರು ಹಿಡಿದರೆ, ನಡುವೆ ಚರಂಡಿ ಇರುವ ನಿಮ್ಮ 9 ಮೀಟರ್ ಅಗಲಕ್ಕೆ ಪ್ರತಿ ಕಡೆ 4.5 ಮೀಟರಿಗೆ 56 ಮಿಮೀ ಇಳಿತ. ಗೋಡೆ ಬದಿಯ ಮಟ್ಟ ಅಷ್ಟು ಏರುತ್ತದೆ, ಶಟರಿನ ಹೊಸ್ತಿಲು ನೋಡಿಕೊಳ್ಳಿ.

ಕಾಂಕ್ರೀಟಿಗೆ 28 ದಿನ ಕೊಡಿ. ಒಣಗಿದೆಯೇ ಅಂತ ನೋಡಲು 450 ಮಿಮೀ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಗೆ ಹನಿ ಕೂತಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಮೈ ಮೇಲಿನ ಸಿಮೆಂಟ್ ಹಾಲನ್ನು ಗ್ರೈಂಡ್ ಮಾಡಿ ತೆಗೆದು, ಅಂಟು ಎಷ್ಟು ಹಿಡಿಯುತ್ತದೆ ಎಂದು ಪುಲ್-ಆಫ್ ಪರೀಕ್ಷೆ ಮಾಡಿಸಿ. ಚದರ ಮಿಮೀಗೆ 1.5 ನ್ಯೂಟನ್ ಬರದಿದ್ದರೆ ಮೇಲ್ಪದರ ಇನ್ನೂ ದುರ್ಬಲ ಎಂದೇ ಅರ್ಥ. ಪ್ರೈಮರ್ ಹಚ್ಚುವಾಗ ನೆಲದ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಜೂನ್ ಮಧ್ಯದ ನಂತರ ಪುಣೆಯಲ್ಲಾಗಲಿ ಮುಂಬಯಿಯಲ್ಲಾಗಲಿ ತೆರೆದ ಶೆಡ್ಡಿನಲ್ಲಿ ಇದು ಸಿಗುವುದು ಕಷ್ಟ. ಈಗಿನಿಂದ ದಿನ ಎಣಿಸಿ ನೋಡಿ, 28 ದಿನ ಹಿಡಿಸದಿದ್ದರೆ ಅವಸರ ಮಾಡಬೇಡಿ. ದೀಪಾವಳಿ ಆದಮೇಲೆ ಹಾಕಿಸಿದರೂ ಪರವಾಗಿಲ್ಲ, ಅಲ್ಲಿಯತನಕ ಟ್ಯಾಂಕುಗಳ ಕೆಳಗೆ ಎಚ್‌ಡಿಪಿಇ ಪ್ಲಾಸ್ಟಿಕ್ ಟ್ರೇ ಇಟ್ಟು ನಡೆಸಿ.

ಮೆಂಬ್ರೇನ್ ನಿಮ್ಮಲ್ಲಿ 3 ಮಿಮೀ ದಪ್ಪದ ನಾರು ತುಂಬಿದ ವಿನೈಲ್ ಎಸ್ಟರ್ ಆಗಬೇಕು, ಗೋಡೆ ಮತ್ತು ಕಂಬಕ್ಕೆ 300 ಮಿಮೀ ಏರಿಸಬೇಕು. ಒಳಮೂಲೆಗಳನ್ನು ಗುಂಡಗೆ ಮಾಡಿ. ಚೂಪು ಮೂಲೆಯಲ್ಲಿ ನಾರು ಕೂರುವುದಿಲ್ಲ, ಗಾಳಿ ನಿಲ್ಲುತ್ತದೆ. ಎಚ್‌ಎಫ್ ಭಾಗದಲ್ಲಿ ಮೇಲಿನ ಪದರಕ್ಕೆ ಗಾಜಿನ ವೇಲ್ (ತೆಳು ನಾರಿನ ಹಾಳೆ) ಬೇಡ, ಪಾಲಿಯೆಸ್ಟರ್ ವೇಲ್ ಹಾಕಿಸಿ. ಬಿಟುಮೆನ್ ಮಾಸ್ಟಿಕ್ ಅಗ್ಗ, ಬರೀ ಎಚ್‌ಸಿಎಲ್ ನೆಲಗಳಲ್ಲಿ ದಶಕಗಳಿಂದ ನಡೆದು ಬಂದಿದೆ, ಆದರೆ ಬಿಸಿಗೆ ಮೆತ್ತಗಾಗಿ ಭಾರಕ್ಕೆ ಜಾರುತ್ತದೆ. ಒಂದು ಎಚ್ಚರಿಕೆ: ವಿನೈಲ್ ಎಸ್ಟರ್ ಕೆಳಗೆ ಗುತ್ತಿಗೆದಾರರು ಮಾಮೂಲಿ ಎಪಾಕ್ಸಿ ಪ್ರೈಮರ್ ಹಚ್ಚಲು ಹೊರಡುತ್ತಾರೆ. ಎಪಾಕ್ಸಿಯ ಅಮೀನ್ ಹಾರ್ಡನರ್ ವಿನೈಲ್ ಎಸ್ಟರ್ ಗಟ್ಟಿಯಾಗುವುದನ್ನು ತಡೆಯುತ್ತದೆ, ಅಡಿ ಮೈ ಜಿಗಿಜಿಗಿ ಉಳಿಯುತ್ತದೆ. ಎರಡೂ ಒಂದೇ ತಯಾರಕರ ಒಂದೇ ಸಿಸ್ಟಮ್ಮಿನವು ಆಗಿರಲಿ. ಕಾಸ್ಟಿಕ್ ಭಾಗ ಮತ್ತು ಆಸಿಡ್ ಭಾಗ ಸೇರುವ ದಂಡೆಯಲ್ಲೂ ಇದೇ ತೊಂದರೆ ಬರುತ್ತದೆ. ಮೊದಲು ವಿನೈಲ್ ಎಸ್ಟರ್ ಮುಗಿಸಿ, ಗಟ್ಟಿಯಾದ ಮೇಲೆ ಎಪಾಕ್ಸಿ ಹತ್ತಿಸಿ.

ಗುಂಡಿಗೆ ಇಟ್ಟಿಗೆ ಹಾಕಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಹೊರಗೆ ಉಪ್ಪು ಒಸರಿದೆ ಅಂದರೆ ಗೋಡೆ ಈಗಾಗಲೇ ಸೋರುತ್ತಿದೆ. ಮಳೆಗಾಲದಲ್ಲಿ ಹೊರಗಿನ ನೀರು ಒಳಮುಖ ಒತ್ತುತ್ತದೆ, ಗುಂಡಿ ಖಾಲಿ ಇದ್ದಾಗ ಮೆಂಬ್ರೇನ್ ಗುಳ್ಳೆ ಎದ್ದು ಬಿಟ್ಟುಕೊಳ್ಳುತ್ತದೆ. ಇಟ್ಟಿಗೆ, ಬೆಡ್ (ಇಟ್ಟಿಗೆಯ ಕೆಳಗಿನ ಮಾರ್ಟರ್ ಹಾಸು), ಮೆಂಬ್ರೇನ್ ಸೇರಿ ಸುಮಾರು 75 ಮಿಮೀ ದಪ್ಪ. 10 ಘನ ಮೀಟರಿನ ಗುಂಡಿ 8.4ಕ್ಕೆ ಇಳಿಯುತ್ತದೆ. ಅದರ ಬದಲು ನೆಲದ ಮೇಲೆ ಎಚ್‌ಡಿಪಿಇ ಅಥವಾ ಪಿಪಿ (ಪಾಲಿಪ್ರೊಪಿಲೀನ್) ಟ್ಯಾಂಕ್ ಕೂರಿಸಿ, ಹಳೇ ಗುಂಡಿಯನ್ನು ರಿಪೇರಿ ಮಾಡಿ ಬರೀ ಸೋರಿಕೆ ಹಿಡಿಯುವ ತೊಟ್ಟಿಯಾಗಿ ಇಟ್ಟುಕೊಳ್ಳಿ. ಗುಂಡಿಗೆ ಯಾರನ್ನಾದರೂ ಇಳಿಸುವ ಮುಂಚೆ ಇಂಥ ಜಾಗಕ್ಕೆ ಇಳಿಯುವ ಸುರಕ್ಷತಾ ನಿಯಮ ಓದಿ, ಗಾಳಿ ಪರೀಕ್ಷೆ, ಹಗ್ಗ, ಮೇಲೆ ಕಾವಲಿಗೊಬ್ಬರು ಇಲ್ಲದೆ ಇಳಿಸಬೇಡಿ.

ಮೇಸ್ತ್ರಿ_ಬಾಗಲಕೋಟಿ_ತಳೋಜಾ

ನಮಸ್ಕಾರ್ರಿ. ಸಾಹೇಬ್ರು ದೊಡ್ಡ ಮಾತು ಹೇಳ್ಯಾರ, ನಾ ಕರಣಿ ಕೆಲಸದ್ದು ಹೇಳ್ತೀನಿ. ಭಾಳ ನೆಲ ಕೆಡೋದು ಕೂರಸೋದ್ರಾಗ ರೀ.

ಮೊದಲ ಲೆಕ್ಕ. 230 × 114 × 64ರ ಇಟ್ಟಿಗಿ ಮಲಗಿಸಿ, 6 ಮಿಮೀ ಸಂದು ಬಿಟ್ರ ಚದರ ಮೀಟರಿಗೆ 35 ಇಟ್ಟಿಗಿ ಮ್ಯಾಲೆ ಸ್ವಲ್ಪ ಹಿಡಿತಾವು. 108 ಚದರ ಮೀಟರಿಗೆ ಒಡಿಯೋದು ಸೇರಿಸಿ 4000. ಮಾರ್ಟರ್ ಬೆಡ್ಡಿಗೆ 6 ಲೀಟರ್, ಸಂದಿಗೆ ಸುಮಾರು 4.75 ಲೀಟರ್, ಒಟ್ಟು 10.75 ಲೀಟರ್ ಚದರ ಮೀಟರಿಗೆ. ಡೇಟಾ ಶೀಟಿನ್ಯಾಗ ಲೀಟರಿಗೆ 1.8 ಕೆಜಿ ಅಂತ ಇದ್ರ 19 ಕೆಜಿ ಮ್ಯಾಲೆ, ಹಾಳಾಗೋದು ಹಿಡಿದ್ರ 21 ಕೆಜಿ. ಗುತ್ತಿಗಿದಾರ 12 ಕೆಜಿ ಅಂತ ಬರದಿದ್ರ ಬೆಡ್ಡಿನ್ಯಾಗ ಪೊಳ್ಳು ಬಿಡಾಂವ ಇದ್ದಾನ ಅಂತ ತಿಳ್ಕೊಳ್ರಿ. ನಿಮ್ಮಲ್ಲಿ ಫೋರ್ಕ್‌ಲಿಫ್ಟ್ ಓಡಾಡಂಗಿಲ್ಲ ಅಂದ್ರ 38 ಮಿಮೀ ಇಟ್ಟಿಗಿ ತರಸ್ರಿ, ಮಾರ್ಟರ್ 17ರಿಂದ 18 ಕೆಜಿಗೆ ಇಳಿತೈತಿ. ಕಾಸ್ಟಿಕ್ ಟ್ಯಾಂಕಿನ ಸುತ್ತ ಮಾತ್ರ ಬಿಸಿ ಬೀಳ್ತೈತಿ, ಅಲ್ಲಿ 64ರದೇ ಇರ್ಲಿ. ಅಲ್ಲಿ ಕಾಂಕ್ರೀಟ್ 26 ಮಿಮೀ ತಗ್ಗಿಸಿ ಹಾಕಸ್ರಿ, ಇಲ್ಲಂದ್ರ ಮಟ್ಟ ಕೂಡಂಗಿಲ್ಲ.

ಇಟ್ಟಿಗಿ ಒಣಗಿರಬೇಕು, ಧೂಳ ಇರಬಾರ್ದು. ಮನಿ ಕಟ್ಟೋ ಮೇಸ್ತ್ರಿಗೆ ಇಟ್ಟಿಗಿ ನೀರಾಗ ನೆನಸೋ ಚಾಳಿ ಇರ್ತೈತಿ, ಇಲ್ಲಿ ಒಂದು ಹನಿ ನೀರೂ ಬ್ಯಾಡ. ಹಾಕೂ ಮುಂಚೆ ಇಟ್ಟಿಗಿಯ ಮ್ಯಾಲಿನ ಮೈಗೆ ತೆಳ್ಳಗ ಮೇಣ ಸವರ್ರಿ. ಬಾಜುಕ್ಕ, ತಳಕ್ಕ ಹತ್ತಬಾರ್ದು. ಹಿಂಗ ಮಾಡಿದ್ರ ಹೊರಗ ಬಂದ ರೆಸಿನ್ ಆಮ್ಯಾಲೆ ಸಲೀಸಾಗಿ ಎದ್ದು ಬರ್ತೈತಿ.

ಒಂದು ಸಲಕ್ಕ 3ರಿಂದ 5 ಕೆಜಿ ಅಷ್ಟ ಕಲಸ್ರಿ. ತೂಕ ಮಾಡೇ ಕಲಸ್ಬೇಕು, ಮಗ್ಗಿನ ಅಂದಾಜಿ ಬ್ಯಾಡ. 30 ಡಿಗ್ರಿ ಒಳಗ ಅರ್ಧ ತಾಸು ಸಿಗೋ ಮಾಲು ಮೇ ತಿಂಗಳ ಮಧ್ಯಾಹ್ನ 38 ಡಿಗ್ರಿಗೆ ಹದಿನೈದು ನಿಮಿಷಕ್ಕ ಬಿಗಿತೈತಿ. ಡಬ್ಬಿ ನೆರಳಾಗ ಇಡ್ರಿ, ಬೆಳಿಗ್ಗೆ ಆರಕ್ಕ ಶುರು ಮಾಡ್ರಿ. ಬಿಗಿಯಾಕ ಹತ್ತಿದ ಮಾರ್ಟರಿಗೆ ಥಿನ್ನರ್ ಹಾಕಿ ಮತ್ತ ಮೆತ್ತಗ ಮಾಡಿದ್ರ ಆ ಜಾಗ ಎಂದೂ ಗಟ್ಟಿ ಆಗಂಗಿಲ್ಲ. ಚೆಲ್ಲಿಬಿಡ್ರಿ.

ಇಟ್ಟಿಗಿ ತಳಕ್ಕ ಮತ್ತ ಎರಡು ಬಾಜುಕ್ಕ ಪೂರ್ತಿ ಮಾರ್ಟರ್ ಹಚ್ಚಿ, ಮೊದಲ ಹಚ್ಚಿದ ಇಟ್ಟಿಗಿ ಕಡೆ ತಿಕ್ಕಿ ಒತ್ತಬೇಕು. ಮೂರೂ ಕಡೆಯಿಂದ ಮಾರ್ಟರ್ ಮ್ಯಾಲೆ ಉಕ್ಕಿ ಬಂದ್ರ ಸಂದು ತುಂಬೈತಿ ಅಂತ ಅರ್ಥ. ಉಕ್ಕಲಿಲ್ಲಂದ್ರ ಎತ್ತಿ ಮತ್ತ ಹಚ್ಚಿ ಹಾಕ್ರಿ, ಮ್ಯಾಲಿಂದ ತುಂಬಬ್ಯಾಡ್ರಿ. ಮ್ಯಾಲಿಂದ ತುಂಬಿದ್ದು ಹತ್ತು ಮಿಮೀ ಇಳಿದು ನಿಲ್ತೈತಿ, ಕೆಳಗ ಪೊಳ್ಳು ಉಳಿದು ಆಸಿಡ್ ಅಲ್ಲೇ ಮನಿ ಮಾಡ್ತೈತಿ. ವಿನೈಲ್ ಎಸ್ಟರ್ ಬಿಗಿವಾಗ ಜಾಸ್ತಿ ಕುಗ್ಗತೈತಿ, ಅದಕ್ಕ ಅದರ ಸಂದು 6 ಮಿಮೀಗಿಂತ ಅಗಲ ಮಾಡಬ್ಯಾಡ್ರಿ.

ಫ್ಯೂರಾನ್ ಬಗ್ಗೆ ಒಂದು ಖಡಕ್ ಮಾತು. ಅದರ ಪುಡಿಯೊಳಗ ಆಸಿಡ್ ಹಾರ್ಡನರ್ ಇರ್ತೈತಿ. ಬರೀ ಕಾಂಕ್ರೀಟ್ ಮ್ಯಾಲೆ ಹಾಕಿದ್ರ ಕಾಂಕ್ರೀಟು ಆ ಆಸಿಡ್ ಕುಡಿತೈತಿ, ತಳ ಗಟ್ಟಿ ಆಗಂಗಿಲ್ಲ, ಉಪ್ಪಿನ ಪದರ ಆಗಿ ಬಿಟ್ಟುಕೊಳ್ತೈತಿ. ನಡುವ ಮೆಂಬ್ರೇನ್ ಬೇಕ ಬೇಕು. ರೆಸಿನ್ನಿಗೆ ಬ್ಯಾರೆ ಆಸಿಡ್ ಸುರುವಿ ಜಲ್ದಿ ಮಾಡೂದು ಎಂದೂ ಮಾಡಬ್ಯಾಡ್ರಿ, ಡಬ್ಬಿ ಕುದ್ದು ಸಿಡಿತೈತಿ. ವಿನೈಲ್ ಎಸ್ಟರಿನ್ಯಾಗೂ ಕೋಬಾಲ್ಟ್ ಮೊದಲ ರೆಸಿನ್ನಿಗೆ ಕಲಸಿ, ಆಮ್ಯಾಲೆ ಪೆರಾಕ್ಸೈಡ್. ಎರಡೂ ನೇರ ಕೂಡಿಸಿದ್ರ ಬೆಂಕಿ. ಎರಡರ ಡಬ್ಬಿ ಬ್ಯಾರೆ ಬ್ಯಾರೆ ಖೋಲಿಯೊಳಗ ಇಡ್ರಿ.

ಹಿಗ್ಗೋ ಸಂದು ಮರಿಬ್ಯಾಡ್ರಿ. ಗೋಡಿಗುಂಟ, ಕಂಬದ ಸುತ್ತ, ಟ್ಯಾಂಕಿನ ಕಟ್ಟಿ ಸುತ್ತ, ನಡುವ ನಾಕೈದು ಮೀಟರಿಗೊಂದು, ಇಟ್ಟಿಗಿ ದಪ್ಪದಷ್ಟೂ ಆಳ. ಇಟ್ಟಿಗಿ ಬಿಸಿಗೂ ಹಿಗ್ಗತೈತಿ, ವರ್ಷಾನುಗಟ್ಟಲೆ ನೀರು ಹಿಡಿದೂ ಬೆಳಿತೈತಿ. ಜಾಗ ಇಲ್ಲಂದ್ರ ನಡುವ ಕಮಾನು ಎದ್ದು ಬಿಡ್ತೈತಿ. ಈ ಸಂದು ಎತ್ತರದ ಕಡೆ ಬರೂ ಹಂಗ ನೋಡ್ರಿ, ಚರಂಡಿ ಬದಿ ತಗ್ಗಿನ್ಯಾಗ ಬ್ಯಾಡ. ತುಂಬೂದು ರಬ್ಬರಿನಂಗ ಇರೋ ಮಾಲು, ಅದೂ ನಿಮ್ಮ ಆಸಿಡ್ಡಿಗೆ ತಡಿಯೂದು ಅಂತ ಬರಸ್ಕೊಳ್ರಿ.

ವೆರ್ಣಾ_ಪ್ರೊಸೆಸ್

ಗೋವಾದಿಂದ ಒಂದು ಸಣ್ಣ ಸೇರ್ಪಡೆ. ಅಗ್ಗವಾಗಬೇಕು ಅಂದರೆ ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ಮಾಡಿದ ರೆಸಿನ್ ಮಾರ್ಟರ್ ಒಂದಿದೆ, ಐಎಸ್ 4832ರ ಎರಡನೇ ಭಾಗದಲ್ಲಿ ಅದಕ್ಕೂ ಸ್ಥಾನವಿದೆ. ಎಚ್‌ಸಿಎಲ್ ಮಾತ್ರ ಇರುವ ಕಡೆ, ಉಪ್ಪಿನ ದ್ರಾವಣಗಳಿರುವ ಕಡೆ ನಡೆಯುತ್ತದೆ. ನೈಟ್ರಿಕ್ ಹತ್ತಿರ ಸುಳಿಯಬಾರದು. ನಿಮ್ಮ ಶೆಡ್ಡಿನಲ್ಲಿ ಎಚ್‌ಸಿಎಲ್ ಭಾಗ ನೈಟ್ರಿಕ್‌ಗೆ ಒತ್ತಿಕೊಂಡೇ ಇರುವುದರಿಂದ ನಾನು ಅದನ್ನು ಆರಿಸುವುದಿಲ್ಲ.

ಡೇಟಾ ಶೀಟಿನ ಪಟ್ಟಿಯಲ್ಲಿ ‘ನೈಟ್ರಿಕ್ 20 ಪ್ರತಿಶತ: ಸರಿ’, ‘ಎಚ್‌ಎಫ್ 5 ಪ್ರತಿಶತ: ಸರಿ’ ಎಂದು ಬೇರೆ ಬೇರೆ ಬರೆದಿದ್ದರೆ ಎರಡೂ ಕೂಡಿದಾಗ ಸರಿ ಎಂದು ಆಗುವುದಿಲ್ಲ. ಮಾರ್ಟರಿನ 25 ಮಿಮೀ ತುಂಡುಗಳನ್ನು ಎರಕ ಹೊಯ್ಯಿಸಿ, ಏಳು ದಿನ ಗಟ್ಟಿಯಾಗಲು ಬಿಟ್ಟು, ನಿಮ್ಮದೇ ಬಾತ್‌ನ ದ್ರಾವಣದಲ್ಲಿ 50 ಡಿಗ್ರಿಯಲ್ಲಿ ನಾಲ್ಕು ವಾರ ಮುಳುಗಿಸಿ. ಗಾಜಿನ ಪಾತ್ರೆ ಬೇಡ, ಪಿಪಿ ಡಬ್ಬಿಯಲ್ಲಿ. ವಾರಕ್ಕೊಮ್ಮೆ ತೆಗೆದು ತೊಳೆದು ಒಣಗಿಸಿ ತೂಗಿ, ಕೊನೆಗೆ ಮುಳುಗಿಸದ ತುಂಡುಗಳ ಜೊತೆ ಒತ್ತಿ ಒಡೆಸಿ ಹೋಲಿಸಿ. ತೂಕ ಮೊದಲ ವಾರ ಬದಲಾಗಿ ನಿಂತರೆ ಭಯವಿಲ್ಲ, ಪ್ರತಿ ವಾರ ಒಂದೇ ಸಮ ಇಳಿಯುತ್ತಾ ಹೋದರೆ ಆ ಮಾಲು ಬೇಡ.

ಭೋಸರಿ_ಪ್ಲಾಂಟ್

ಎಲ್ಲರಿಗೂ ತುಂಬಾ ಧನ್ಯವಾದ. ಕೊಟೇಶನ್ ನೋಡಿದೆ, ಒಂದರಲ್ಲಿ ಮಾತ್ರ ಮೆಂಬ್ರೇನ್ ಇದೆ, ಅದೂ ಬಿಟುಮೆನ್. ಎರಡು ಪ್ರಶ್ನೆ ಉಳಿದಿವೆ. ಎಚ್‌ಸಿಎಲ್ ಭಾಗದ ಟೈಲ್ ಗಟ್ಟಿಯಾಗಿದೆ, ಅಲ್ಲಿ ಮಾತ್ರ ಸಂದು 20 ಮಿಮೀ ಕೆರೆದು ರೆಸಿನ್ ಪಾಯಿಂಟಿಂಗ್ (ಕೆರೆದ ಸಂದಿಗೆ ಮೇಲಿನಿಂದ ರೆಸಿನ್ ತುಂಬುವುದು) ಮಾಡಿಸಿದರೆ ಆಗುತ್ತದೆಯೇ? ಕೆಲಸ ಮುಗಿದ ಎಷ್ಟು ದಿನಕ್ಕೆ ಆಸಿಡ್ ಬಿಡಬಹುದು?

ತಳೋಜಾ_ಲೈನಿಂಗ್

ಪಾಯಿಂಟಿಂಗ್ ಬೇಡ ಸರ್. ನಿಮ್ಮ ಟೈಲ್ ದಪ್ಪವೇ 20 ಮಿಮೀ. 20 ಮಿಮೀ ಕೆರೆದರೆ ಕೆಳಗಿನ ಬೆಡ್ ಬಯಲಾಗುತ್ತದೆ, ಆ ಬೆಡ್ಡಿನಲ್ಲಿ ಈಗಾಗಲೇ ಆಸಿಡ್ ಕೂತಿದೆ. ಹೊಸ ರೆಸಿನ್ ಒದ್ದೆ ಅಂಚಿಗೆ ಅಂಟುವುದಿಲ್ಲ, ಒಳಗಿನ ಆಸಿಡ್ ಕಾಂಕ್ರೀಟ್ ತಿನ್ನುವುದನ್ನು ಮುಂದುವರಿಸುತ್ತದೆ. ಬೆಡ್ ಸಿಲಿಕೇಟ್, ಮೇಲಿನ ಸಂದು ರೆಸಿನ್ ಎನ್ನುವ ವಿಧಾನ ಹೊಸ ಕೆಲಸದಲ್ಲಿ ಒಳ್ಳೆಯದೇ, ಮಾರ್ಟರ್ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ 35 ಮಿಮೀಗಿಂತ ದಪ್ಪದ ಟೈಲ್ ಅಥವಾ ಇಟ್ಟಿಗೆ, ಒಣಗಿದ ಬೆಡ್, ಕೆಳಗೆ ಮೆಂಬ್ರೇನ್ ಮೂರೂ ಇರಬೇಕು. ಎಚ್‌ಸಿಎಲ್ ಭಾಗದಲ್ಲಿ ಹಣ ಉಳಿಸಬೇಕಾದರೆ ಹೊಸದಾಗಿ ಹೀಗೇ ಹಾಕಿಸಬಹುದು: ಪೊಟ್ಯಾಸಿಯಂ ಸಿಲಿಕೇಟ್ ಬೆಡ್, 6ರಿಂದ 8 ಮಿಮೀ ಅಗಲದ ಖಾಲಿ ಸಂದು, ಎರಡು ದಿನದ ನಂತರ ಆ ಸಂದಿನೊಳಗೆ ಆಸಿಡ್ ಕ್ಯೂರಿಂಗ್, ಉಪ್ಪು ಬ್ರಷ್ ಮಾಡಿ ತೆಗೆದು, ಪೂರ್ತಿ ಒಣಗಿದ ಮೇಲೆ 20 ಮಿಮೀ ಆಳಕ್ಕೆ ವಿನೈಲ್ ಎಸ್ಟರ್. ಕ್ಯೂರಿಂಗ್ ಆಸಿಡ್ ಸವರಿದಾಗ ಬಿಳಿ ಪುಡಿ ಏಳುತ್ತದೆ, ಅದನ್ನು ತೆಗೆದು ಮತ್ತೆ ಸವರಬೇಕು, ಪುಡಿ ನಿಲ್ಲುವವರೆಗೆ. ಕಾಸ್ಟಿಕ್ ಮತ್ತು ಎಚ್‌ಎಫ್ ಭಾಗಕ್ಕೆ ಮಾತ್ರ ಈ ಉಳಿತಾಯ ಬೇಡವೇ ಬೇಡ, ಒಂದು ಕೂದಲೆಳೆ ಬಿರುಕು ಸಾಕು ಬೆಡ್ ಪೂರ್ತಿ ಹೋಗಲು.

ದಿನದ ಲೆಕ್ಕ: ಕೊನೆಯ ಇಟ್ಟಿಗೆ ಕೂರಿಸಿದ ಮೇಲೆ 25 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಏಳು ದಿನ, ಅದಕ್ಕಿಂತ ತಂಪಿದ್ದರೆ ತಯಾರಕರು ಹೇಳಿದಷ್ಟು ಹೆಚ್ಚು. ಮೊದಲ 24 ಗಂಟೆ ನೀರೂ ತಾಗಬಾರದು, ಕಾಲಿಡಲೂ ಬೇಡ. ಮೆಂಬ್ರೇನಿಗೆ ಸ್ಪಾರ್ಕ್ ಪರೀಕ್ಷೆ (ವಿದ್ಯುತ್ ಕಿಡಿಯಿಂದ ಸೂಕ್ಷ್ಮ ತೂತು ಹುಡುಕುವುದು) ಇಟ್ಟಿಗೆ ಹಾಕುವ ಮೊದಲೇ ಆಗಿರಬೇಕು. ಕಾಂಕ್ರೀಟಿನ ಮೇಲೆ ಈ ಪರೀಕ್ಷೆ ನಡೆಯಬೇಕಾದರೆ ಅಡಿಯಲ್ಲಿ ವಿದ್ಯುತ್ ಹರಿಯುವ ಪ್ರೈಮರ್ ಬೇಕು, ಅದನ್ನು ಆರ್ಡರಿನಲ್ಲೇ ಬರೆಸಿ. ಏಳನೇ ದಿನ ಚರಂಡಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ, ಮಟ್ಟ ಇಳಿಯುತ್ತದೆಯೇ ನೋಡಿ, ಆಮೇಲೆ ಟ್ಯಾಂಕ್ ತುಂಬಿ.

ಒಡೆದ ಹಳೇ ಟೈಲ್ ಮತ್ತು ಕಾಂಕ್ರೀಟನ್ನು ಸುಣ್ಣದ ನೀರಲ್ಲಿ ತೊಳೆದು ಪಿಎಚ್ ನೋಡಿ ಬೇರೆ ರಾಶಿ ಮಾಡಿ, ಸಾಮಾನ್ಯ ಕಟ್ಟಡದ ಅವಶೇಷದ ಜೊತೆ ಕಳಿಸಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿ ನಿಮಗೆ ಕೊಟ್ಟ ಕನ್ಸೆಂಟಿನಲ್ಲಿ ಅಪಾಯಕಾರಿ ತ್ಯಾಜ್ಯದ ವರ್ಗ ನೋಡಿ, ಅದರಂತೆ ಅಧಿಕೃತ ವಿಲೇವಾರಿ ಘಟಕಕ್ಕೇ ಹೋಗಲಿ. ಎಚ್‌ಎಫ್ ಟ್ಯಾಂಕ್ ಶುರು ಮಾಡುವ ದಿನಕ್ಕೆ ಮುಂಚೆ ಶೆಡ್ಡಿನಲ್ಲಿ 2.5 ಪ್ರತಿಶತದ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇರಲೇಬೇಕು. ತೆಳು ಎಚ್‌ಎಫ್ ಚರ್ಮಕ್ಕೆ ತಾಗಿದಾಗ ತಕ್ಷಣ ಉರಿಯುವುದಿಲ್ಲ, ಗಂಟೆಗಳ ನಂತರ ಒಳಗಿನಿಂದ ನೋವು ಶುರುವಾಗುತ್ತದೆ. ತಾಗಿದೆ ಅನ್ನಿಸಿದ ಕೂಡಲೇ ಆ ಬಟ್ಟೆ ತೆಗೆದು ನೀರಲ್ಲಿ ಚೆನ್ನಾಗಿ ತೊಳೆದು, ಜೆಲ್ ಹಚ್ಚಿ ತಿಕ್ಕುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಜೆಲ್ಲಿನ ಅವಧಿ ಮುಗಿಯುವ ತಾರೀಖನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ.